ಟೋಪಿಯೊಳಗಿನ ಪಾದರಸ

ಹೈಸ್ಕೂಲು ಮಕ್ಕಳ ಇಂಗ್ಲಿಷ್ ವ್ಯಾಕರಣದ ಗೈಡುಗಳಲ್ಲಿ ಹೋಲಿಕೆಯ ನುಡಿಗಟ್ಟುಗಳಿಗೆಂದೇ ಒಂದು ಪುಟ ಮೀಸಲಿರುತ್ತದೆ. ಜೇನುನೊಣದಷ್ಟು ಬಿಜಿ, ನರಿಯಷ್ಟು ಕಿಲಾಡಿ, ಸೌತೆಕಾಯಿಯಷ್ಟು ತಣ್ಣಗೆ, ಬಾವಲಿಯಷ್ಟು ಕುರುಡು. ಗುಣವಾಚಕದ ಆಚೆಗೊಂದು ಈಚೆಗೊಂದು ‘ಆ್ಯಸ್’ ಇಟ್ಟು, ಕೊನೆಗೊಂದು ನಾಮಪದ ಸೇರಿಸಿದರೆ ಮುಗಿಯಿತು. ಬಾಯಿಪಾಠ ಮಾಡಿದವರಿಗೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆಯಲ್ಲಿ ಅಂಕ ಖಾತ್ರಿ. ಜೇನುನೊಣ, ನರಿಗಳ ಬಗ್ಗೆ ಯಾವ ಮಗುವೂ ತಕರಾರು ತೆಗೆಯುವುದಿಲ್ಲ. ಅದೇ ಪಟ್ಟಿಯಲ್ಲಿ ಒಂದು ಕಡೆ ‘ಮ್ಯಾಡ್ ಆ್ಯಸ್ ಎ ಹ್ಯಾಟರ್’ ಎಂದಿರುತ್ತದೆ: ಟೋಪಿ ಮಾಡುವವನಷ್ಟು ಹುಚ್ಚ. ಬಡಗಿಗೆ, ಕಮ್ಮಾರನಿಗೆ, ದರ್ಜಿಗೆ ಹಿಡಿಯದ ಹುಚ್ಚು ಪಾಪ ಟೋಪಿಯವನಿಗೇ ಏಕೆ ಹಿಡಿಯಿತು ಎಂದು ಯಾರಾದರೂ ಕೇಳಿದರೆ ಗೈಡಿನಲ್ಲಿ ಉತ್ತರವಿಲ್ಲ. ಉತ್ತರ ಹುಡುಕಿ ಹೊರಟರೆ ಮುನ್ನೂರು ವರ್ಷದ ಒಂದು ಕಸುಬಿನ ಒಳಗೇ ಹೋಗಬೇಕಾಗುತ್ತದೆ.

ವ್ಯಾಕರಣದ ಲೆಕ್ಕದಲ್ಲಿ ಎರಡು ‘ಆ್ಯಸ್’ಗಳ ಈ ರಚನೆ ಸಮಾನತೆಯನ್ನು ಹೇಳುತ್ತದೆ: ಇವನು ಅವನಷ್ಟೇ ಎತ್ತರ. ನುಡಿಗಟ್ಟಿಗೆ ಬಂದಾಗ ಆ ಅಳತೆ ಕೆಲಸ ಮಾಡುವುದಿಲ್ಲ. ‘ಬಾಗಿಲ ಮೊಳೆಯಷ್ಟು ಸತ್ತವನು’ ಎಂದರೆ ಪೂರ್ತಿ ಸತ್ತವನು, ಅಷ್ಟೇ. ಸಾವಿನಲ್ಲಿ ಹೆಚ್ಚು ಕಡಿಮೆ ಎಂಬುದಿಲ್ಲ, ಮೊಳೆಗೆ ಮೊದಲೇ ಜೀವವಿಲ್ಲ. ಆದರೂ ಈ ಮಾತು 14ನೇ ಶತಮಾನದಿಂದ ಚಲಾವಣೆಯಲ್ಲಿದೆ. 1843ರಲ್ಲಿ ‘ಎ ಕ್ರಿಸ್ಮಸ್ ಕ್ಯಾರಲ್’ ಬರೆದ ಚಾರ್ಲ್ಸ್ ಡಿಕನ್ಸ್‌ಗೂ ಇದು ಒಗಟಾಗಿಯೇ ಕಂಡಿತು. ಸಾವಿನ ಮಾತಿಗೆ ಶವಪೆಟ್ಟಿಗೆಯ ಮೊಳೆಯೇ ಹೆಚ್ಚು ಹೊಂದುತ್ತಿತ್ತಲ್ಲ ಎಂದು ಕಥೆಯ ಆರಂಭದಲ್ಲೇ ತಮಾಷೆ ಮಾಡಿ ಮುಂದೆ ಹೋದರು. ಹಳೆಯ ಕಾಲದ ದಪ್ಪ ಬಾಗಿಲುಗಳಿಗೆ ಮೊಳೆ ಹೊಡೆದು ಹಿಂದೆ ತುದಿ ಮಡಚಿ ಬಡಿಯುತ್ತಿದ್ದರು, ಅಂಥ ಮೊಳೆ ಮತ್ತೆ ಉಪಯೋಗಕ್ಕೆ ಬಾರದು, ಅದಕ್ಕೇ ಅದು ‘ಸತ್ತದ್ದು’ ಎಂಬ ವಿವರಣೆಯೊಂದಿದೆ. ಊಹೆ ಚೆನ್ನಾಗಿದೆ, ಪುರಾವೆ ಸಾಲದು. ‘ಪ್ಲೇನ್ ಆ್ಯಸ್ ಎ ಪೈಕ್‌ಸ್ಟಾಫ್’ ಎಂಬುದರ ಕಥೆ ಇದಕ್ಕಿಂತ ಗಟ್ಟಿ. 16ನೇ ಶತಮಾನದಲ್ಲಿ ಅದು ‘ಪ್ಯಾಕ್‌ಸ್ಟಾಫ್’ ಆಗಿತ್ತು. ಊರೂರು ಅಲೆದು ಸಾಮಾನು ಮಾರುವವನು ಗಂಟು ಹೊರಲು ಹಿಡಿಯುತ್ತಿದ್ದ ಕೋಲು. ಆ ವ್ಯಾಪಾರಿಗಳು ಬೀದಿಯಿಂದ ಮರೆಯಾದರು, ಕೋಲು ಹೆಸರು ಬದಲಿಸಿಕೊಂಡು ಭಾಷೆಯಲ್ಲಿ ಉಳಿಯಿತು.

ಹ್ಯಾಟರನ ಕಥೆ ಇವೆಲ್ಲಕ್ಕಿಂತ ಉದ್ದ. ಅದು ಶುರುವಾಗುವುದು ಬೀವರ್ ಎಂಬ ನೀರುಪ್ರಾಣಿಯಿಂದ.

ಯುರೋಪಿನ ದೊಡ್ಡಮನುಷ್ಯರ ಟೋಪಿ ನೇಯ್ದ ಬಟ್ಟೆಯದಲ್ಲ, ಫೆಲ್ಟ್‌ನದು. ಮಗ್ಗವಿಲ್ಲ, ನೂಲಿಲ್ಲ; ಪ್ರಾಣಿಯ ಕೂದಲನ್ನು ಬಿಸಿ, ತೇವ, ಒತ್ತಡ ಕೊಟ್ಟು ಒಂದಕ್ಕೊಂದು ಹೆಣೆದುಕೊಳ್ಳುವಂತೆ ಮಾಡಿದ ಹಾಳೆ ಅದು. ಬೀವರ್‌ನ ಒಳತುಪ್ಪಳಕ್ಕೆ ಸೂಕ್ಷ್ಮವಾದ ಕೊಕ್ಕೆಯಂಥ ಮೈಯಿರುವುದರಿಂದ ಅದು ತಾನಾಗಿಯೇ ಹೆಣೆದುಕೊಳ್ಳುತ್ತದೆ. ಬೀವರ್ ಟೋಪಿಗೆ ಮಳೆಯ ಹೆದರಿಕೆಯಿಲ್ಲ, ಆಕಾರ ಕೆಡುವುದಿಲ್ಲ, ಬೆಲೆ ಮಾತ್ರ ಕೇಳುವಂತಿಲ್ಲ. ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೆಪಿಸ್ 1661ರಲ್ಲಿ ಒಂದು ಬೀವರ್ ಟೋಪಿಗೆ 4 ಪೌಂಡ್ 5 ಶಿಲಿಂಗ್ ತೆತ್ತಿದ್ದನ್ನು ಬರೆದಿಟ್ಟಿದ್ದಾನೆ. ಆಗಿನ ಮನೆಗೆಲಸದವರಿಗೆ ಅದು ವರ್ಷದ ಸಂಬಳಕ್ಕೂ ಮೀರಿದ ಹಣ. ಬ್ರಿಟನ್ನಿನ ಬೀವರ್‌ಗಳು ಆಗಲೇ ಮುಗಿದಿದ್ದವು, ಈ ಶೋಕಿಗೆ ಯುರೋಪಿನವು ಮುಗಿಯುತ್ತಿದ್ದವು. ವ್ಯಾಪಾರಿಗಳ ಕಣ್ಣು ಉತ್ತರ ಅಮೆರಿಕದ ಕಾಡುಗಳ ಮೇಲೆ ಬಿತ್ತು. 1670ರಲ್ಲಿ ರಾಜನ ಸನ್ನದು ಪಡೆದ ಹಡ್ಸನ್ಸ್ ಬೇ ಕಂಪನಿ ಬೆಳೆದದ್ದೇ ಬೀವರ್ ಚರ್ಮದ ಮೇಲೆ. ಕಾಲೊನಿಯ ಜನ ತಾವೇ ಟೋಪಿ ಮಾಡಲು ಕುಳಿತಾಗ ಲಂಡನ್ನಿನ ಟೋಪಿಯವರು ಹುಯಿಲೆಬ್ಬಿಸಿದರು. 1732ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಕಾಯಿದೆ ತಂದು ಅಮೆರಿಕದ ಕಾಲೊನಿಗಳು ಟೋಪಿ ರಫ್ತು ಮಾಡದಂತೆ ತಡೆಯಿತು.

ಬೀವರ್ ಕೈಗೆಟುಕದಾದಾಗ ಕಸುಬುದಾರರು ಮೊಲದ ಕಡೆ ತಿರುಗಿದರು. ಮೊಲ ಅಗ್ಗ, ಎಲ್ಲೆಲ್ಲೂ ಸಿಗುತ್ತದೆ. ತೊಡಕೆಂದರೆ ಅದರ ಕೂದಲು ನುಣುಪು. ಬೀವರ್‌ನದರಷ್ಟು ಸುಲಭಕ್ಕೆ ಹೆಣೆದುಕೊಳ್ಳುವುದಿಲ್ಲ. ಪರಿಹಾರ ಸಿಕ್ಕಿದ್ದು ಪಾದರಸದಲ್ಲಿ. ನೈಟ್ರಿಕ್ ಆಮ್ಲದಲ್ಲಿ ಪಾದರಸ ಕರಗಿಸಿ, ಆ ದ್ರಾವಣವನ್ನು ಬ್ರಷ್ಷಿನಿಂದ ಮೊಲದ ಚರ್ಮದ ಮೇಲಿನ ಕೂದಲಿಗೆ ಬಳಿದು ಒಣಗಿಸಿದರೆ ಕೂದಲು ಒರಟಾಗಿ, ತುದಿ ಸುರುಟಿ, ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಕಾವಿಗೆ ಒಣಗಿದಾಗ ತುದಿಗಳು ಗಜ್ಜರಿಯ ಬಣ್ಣಕ್ಕೆ ತಿರುಗುತ್ತಿದ್ದವು. ಅದರಿಂದ ಈ ಕ್ರಿಯೆಗೆ ಇಂಗ್ಲಿಷಿನಲ್ಲಿ ‘ಕ್ಯಾರಟಿಂಗ್’ ಎಂದೇ ಹೆಸರಾಯಿತು. ಫ್ರಾನ್ಸಿನವರು ಇದನ್ನು ‘ಸೆಕ್ರೆತಾಜ್’ ಎನ್ನುತ್ತಿದ್ದರು, ಹೆಸರಲ್ಲೇ ಗುಟ್ಟು. 1685ರಲ್ಲಿ ಫ್ರಾನ್ಸಿನ ಪ್ರಾಟೆಸ್ಟಂಟರಿಗೆ ಅಲ್ಲಿಯ ರಾಜ ಧರ್ಮಸ್ವಾತಂತ್ರ್ಯ ಕಸಿದುಕೊಂಡಾಗ ಗುಳೆ ಎದ್ದ ಹ್ಯೂಗೆನಾಟ್ ಕುಶಲಕರ್ಮಿಗಳ ಜೊತೆಗೇ ಗುಟ್ಟೂ ಇಂಗ್ಲೆಂಡಿಗೆ ಹೋಯಿತು ಎಂಬ ಮಾತು ಪ್ರಚಲಿತ. ಇನ್ನೊಂದು ಕಥೆ ಇದಕ್ಕಿಂತ ರಂಗಾಗಿದೆ. ಹಿಂದೆ ಕೂದಲು ಒರಟಾಗಿಸಲು ಕೆಲಸಗಾರರು ತಮ್ಮ ಮೂತ್ರವನ್ನೇ ಬಳಸುತ್ತಿದ್ದರಂತೆ; ಅವರಲ್ಲೊಬ್ಬನ ಫೆಲ್ಟ್ ಮಾತ್ರ ಎಲ್ಲರದಕ್ಕಿಂತ ಚೆನ್ನಾಗಿ ಬರುತ್ತಿತ್ತಂತೆ; ವಿಚಾರಿಸಿದರೆ ಅವನು ಗುಹ್ಯರೋಗಕ್ಕೆ ಪಾದರಸದ ಔಷಧಿ ತಗೊಳ್ಳುತ್ತಿದ್ದನಂತೆ. ಈ ‘ಅಂತೆ’ಗಳನ್ನು ನಂಬಬೇಕಾದ್ದಿಲ್ಲ. ಟೋಪಿ ಕೇರಿಗಳಲ್ಲಿ ಇಂಥ ಮಾತು ನಗೆಯೊಂದಿಗೆ ಓಡಾಡುತ್ತಿತ್ತೆಂದು ತಿಳಿದರೆ ಸಾಕು.

ಚರ್ಮದಿಂದ ಕತ್ತರಿಸಿ ತೆಗೆದ ಕೂದಲು ಮುಂದೆ ಹೋಗುತ್ತಿದ್ದದ್ದು ಬಿಲ್ಲಿನ ಕೈಗೆ. ಸೂರಿನಿಂದ ಇಳಿಬಿಟ್ಟ ಆಳುದ್ದಕ್ಕೂ ಮೀರಿದ ಬಿಲ್ಲು, ಅದಕ್ಕೆ ಪ್ರಾಣಿಯ ಕರುಳಿನ ಹುರಿ. ಹಲಗೆಯ ಮೇಲೆ ಹರಡಿದ ಕೂದಲಿನ ಸನಿಹ ಹುರಿಯನ್ನು ಮೀಟಿದರೆ ಗಂಟುಗಳೆಲ್ಲ ಬಿಡಿಸಿಕೊಂಡು ಕೂದಲು ಗಾಳಿಗೆದ್ದು ಪದರವಾಗಿ ಕೂರುತ್ತದೆ. ಧಾರವಾಡ, ಹಾವೇರಿ, ಬಳ್ಳಾರಿ ಕಡೆಯ ಬೀದಿಗಳಲ್ಲಿ ‘ಟಂಯ್ ಟಂಯ್’ ಎನ್ನಿಸುತ್ತ ಗಾದಿಯ ಹತ್ತಿ ಹಿಂಜುತ್ತಿದ್ದ ಪಿಂಜಾರರ ಬಿಲ್ಲನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಪಕರಣದ ತತ್ವ ಒಂದೇ, ಸದ್ದೂ ಬಹುಶಃ ಅದೇ. ವ್ಯತ್ಯಾಸ ಗಾಳಿಗೇಳುವ ಧೂಳಿನಲ್ಲಿತ್ತು. ಟೋಪಿಯವನ ಬಿಲ್ಲು ಎಬ್ಬಿಸುತ್ತಿದ್ದ ಪ್ರತಿ ಎಳೆಯಲ್ಲೂ ಪಾದರಸದ ಅಂಶವಿತ್ತು.

ಆಮೇಲೆ ನೀರಿನ ಕೆಲಸ. ತೆಳು ಪದರಗಳನ್ನು ಕೂಡಿಸಿ, ಕೊನೆಗೆ ಆಗಬೇಕಾದ ಟೋಪಿಯ ಎರಡು ಪಟ್ಟಿಗೂ ಮೀರಿದ ಸಡಿಲ ಕುಲಾವಿ ಮಾಡಿಕೊಳ್ಳುತ್ತಿದ್ದರು. ನಡುಮನೆಯಲ್ಲಿ ಒಲೆಯ ಮೇಲೆ ದೊಡ್ಡ ಕಡಾಯಿ. ಸುತ್ತ ಒಳಮುಖವಾಗಿ ಇಳಿಜಾರು ಹಲಗೆಗಳು. ಹಲಗೆಗೊಬ್ಬರಂತೆ ಆರೆಂಟು ಜನ. ಕಡಾಯಿಯಲ್ಲಿ ಆಮ್ಲ ಬೆರೆಸಿದ ಕುದಿನೀರು. ಕುಲಾವಿಯನ್ನು ಅದರಲ್ಲಿ ಅದ್ದುವುದು, ಹಲಗೆಯ ಮೇಲೆ ಉರುಳಿಸುವುದು, ಹಿಂಡುವುದು, ಮತ್ತೆ ಅದ್ದುವುದು. ಗಂಟೆಗಟ್ಟಲೆ ಇದೇ. ಕುಲಾವಿ ಕುಗ್ಗುತ್ತ ಗಟ್ಟಿಯಾಗುತ್ತ ಬರುತ್ತಿತ್ತು, ಕಡಾಯಿಯ ಹಬೆ ಕೆಲಸಗಾರನ ಮುಖಕ್ಕೇ ಹೊಡೆಯುತ್ತಿತ್ತು. ನಂತರ ಮರದ ಅಚ್ಚಿಗೆ ಏರಿಸಿ ಆಕಾರ ಕೊಡುವುದು, ಬಿಗಿ ನಿಲ್ಲಲು ಅರಗು ಕುಡಿಸುವುದು (ಆ ಅರಗು ಹೋಗುತ್ತಿದ್ದದ್ದು ಇಂಡಿಯಾದ ಕಾಡುಗಳಿಂದ), ಒಣಗಿಸುವುದು, ಬಿಸಿ ಇಸ್ತ್ರಿ ಎಳೆಯುವುದು. ಬಿಸಿ ತಾಗಿದ ಕಡೆಯಲ್ಲೆಲ್ಲ ಪಾದರಸ ಆವಿಯಾಗುತ್ತದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಚಳಿಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ದುಡಿಯುವ ಕೋಣೆಯಲ್ಲಿ ಅದು ಎಲ್ಲಿಗೆ ಹೋದೀತು?

ಹೋದದ್ದು ಶ್ವಾಸಕೋಶಕ್ಕೆ, ಅಲ್ಲಿಂದ ರಕ್ತಕ್ಕೆ, ಮಿದುಳಿಗೆ.

ಮೊದಲು ಒಸಡು ಊದಿಕೊಳ್ಳುತ್ತದೆ, ಜೊಲ್ಲು ಸುರಿಯುತ್ತದೆ, ಹಲ್ಲು ಸಡಿಲವಾಗುತ್ತವೆ. ಆಮೇಲೆ ಬೆರಳುಗಳಲ್ಲಿ ಸಣ್ಣ ನಡುಕ. ಅದು ತುಟಿ, ರೆಪ್ಪೆ, ನಾಲಗೆ, ಕಾಲುಗಳಿಗೆ ಹಬ್ಬುತ್ತದೆ. ಸಹಿ ಹಾಕಲು ಹೋದರೆ ಅಕ್ಷರ ಗರಗಸದ ಹಲ್ಲಿನಂತಾಗುತ್ತದೆ. ಮನಸ್ಸಿಗೆ ತಟ್ಟುವ ಪೆಟ್ಟನ್ನು ವೈದ್ಯರು ‘ಎರೆಥಿಸಂ’ ಎಂದು ಕರೆದರು, ಅದರ ಲಕ್ಷಣಗಳು ವಿಚಿತ್ರ. ರೋಗಿ ಕಿರುಚಾಡುವ ಹುಚ್ಚನಾಗುವುದಿಲ್ಲ, ವಿಪರೀತ ಸಂಕೋಚದವನಾಗುತ್ತಾನೆ. ಯಾರಾದರೂ ತನ್ನ ಕೆಲಸವನ್ನು ನೋಡುತ್ತ ನಿಂತರೆ ಕೈಕಾಲು ಆಡುವುದಿಲ್ಲ. ಅಪರಿಚಿತರೆಂದರೆ ಗಾಬರಿ. ಇದ್ದಕ್ಕಿದ್ದಂತೆ ಸಿಟ್ಟು, ಮರುಗಳಿಗೆಗೆ ಕುಸಿತ. ನಿದ್ದೆಯಿಲ್ಲ, ನೆನಪು ನಿಲ್ಲದು. ಮಾಲೀಕರಿಗೆ, ಊರಿನವರಿಗೆ ಇದಕ್ಕೆಲ್ಲ ಸುಲಭದ ವಿವರಣೆಯೊಂದು ಕೈಯಲ್ಲೇ ಇತ್ತು: ಕುಡುಕ ನನ್ಮಕ್ಕಳು.

ಪ್ಯಾರಿಸ್ಸಿನ ಶಸ್ತ್ರವೈದ್ಯ ಜಾಕ್ ರೆನೆ ತೆನೊ ಮಾತ್ರ 1757ರಲ್ಲೇ ನಗರದ ಟೋಪಿ ಕಾರ್ಖಾನೆಗಳಿಗೆ ಹೋಗಿ ಕಣ್ಣಾರೆ ನೋಡಿದ. ವಯಸ್ಸಾದ ಕೆಲಸಗಾರರ ಕೈ ನಡುಗುವುದನ್ನು, ಅವರು ಬೇಗ ಸಾಯುವುದನ್ನು ಗುರುತಿಸಿ ಪಾದರಸದ ದ್ರಾವಣದತ್ತ ಬೆರಳು ತೋರಿಸಿದ. ಅವನ ಬರಹ ಅಚ್ಚಾಗಲು ಅರ್ಧ ಶತಮಾನ ಹಿಡಿಯಿತು. ಅಮೆರಿಕದಲ್ಲಿ ನ್ಯೂಜೆರ್ಸಿಯ ಆರೆಂಜ್ ಎಂಬ ಟೋಪಿ ಊರಿನ ವೈದ್ಯ ಜೆ. ಅಡಿಸನ್ ಫ್ರೀಮನ್ ಟೋಪಿಯವರ ಪಾದರಸ ಬೇನೆಯ ಬಗ್ಗೆ ವರದಿ ಬರೆದದ್ದು 1860ರಲ್ಲಿ. ಗಾಳಿ ಬೆಳಕು ಸರಿಯಾಗಿ ಬಿಟ್ಟರೆ ಅರ್ಧ ಬೇನೆ ಹೋದೀತೆಂಬುದು ಅವನ ವಾದ. ಮಾಲೀಕರು ಕಿವಿಗೊಡಲಿಲ್ಲ.

ನುಡಿಗಟ್ಟಿನ ಇತಿಹಾಸ ಇಲ್ಲಿ ಕುತೂಹಲ ಹುಟ್ಟಿಸುತ್ತದೆ. ‘ಹ್ಯಾಟರನಷ್ಟು ಹುಚ್ಚ’ ಎಂಬ ಮಾತು ಎಡಿನ್‌ಬರೋದ ‘ಬ್ಲ್ಯಾಕ್‌ವುಡ್ಸ್’ ಪತ್ರಿಕೆಯಲ್ಲಿ 1829ರಲ್ಲೇ ಅಚ್ಚಾಗಿದೆ, ಅದೂ ಪಾನಗೋಷ್ಠಿಯ ಹರಟೆಯೊಂದರಲ್ಲಿ, ಎಲ್ಲರಿಗೂ ಗೊತ್ತಿರುವ ಮಾತೆಂಬ ಧಾಟಿಯಲ್ಲಿ. 1830ರ ದಶಕದಲ್ಲಿ ಕೆನಡಾದ ನೋವಾಸ್ಕೋಶಿಯಾದ ಲೇಖಕ ಥಾಮಸ್ ಹ್ಯಾಲಿಬರ್ಟನ್ ಇದನ್ನು ಕೋಪದಿಂದ ಕೆಂಡವಾದ ಹೆಂಗಸಿಗೆ ಬಳಸಿದರು. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಕಾದಂಬರಿಯಲ್ಲೂ ಬಂತು. ಇಂಗ್ಲಿಷ್ ಮಾತಾಡುವ ವೈದ್ಯರು ಟೋಪಿಯವರ ಬೇನೆಯ ಬಗ್ಗೆ ಬರೆಯುವ ಮೂವತ್ತು ವರ್ಷ ಮುಂಚೆಯೇ ಜನರ ಬಾಯಲ್ಲಿ ಟೋಪಿಯವರ ಹುಚ್ಚು ಗಾದೆಯಾಗಿತ್ತು.

ಹೀಗಾಗಿ ಲೂಯಿಸ್ ಕ್ಯಾರಲ್ ಈ ಮಾತನ್ನು ಹುಟ್ಟಿಸಿದರೆನ್ನುವುದು ತಪ್ಪು. 1865ರಲ್ಲಿ ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಹೊರಬಂದಾಗ ಅದು ಹಳೆಯ ಮಾತು. ಕ್ಯಾರಲ್ ಮಾಡಿದ್ದು ಎರಡು ಹೋಲಿಕೆಗಳನ್ನು ಒಂದೇ ಚಹಾ ಮೇಜಿಗೆ ಕರೆದು ಕೂರಿಸಿದ ಚಮತ್ಕಾರ. ಒಂದು ಹ್ಯಾಟರ್, ಇನ್ನೊಂದು ಅದಕ್ಕಿಂತ ಮುನ್ನೂರು ವರ್ಷ ಹಳೆಯ ‘ಮಾರ್ಚ್ ತಿಂಗಳ ಕಾಡುಮೊಲದಷ್ಟು ಹುಚ್ಚು’. ಮಾರ್ಚ್ ಎಂದರೆ ಇಂಗ್ಲೆಂಡಿನ ಕಾಡುಮೊಲಗಳ ಬೆದೆಗಾಲ. ಹಿಂಗಾಲ ಮೇಲೆ ನಿಂತು ಪರಸ್ಪರ ಗುದ್ದಾಡುತ್ತವೆ, ಬಹುಪಾಲು ಬೇಡದ ಗಂಡನ್ನು ಹೆಣ್ಣು ಓಡಿಸುವ ಗುದ್ದು ಅದು. ಪುಸ್ತಕದಲ್ಲೆಲ್ಲೂ ‘ಮ್ಯಾಡ್ ಹ್ಯಾಟರ್’ ಎಂಬ ಜೋಡಿಹೆಸರಿಲ್ಲ, ಬರೀ ‘ಹ್ಯಾಟರ್’. ಜಾನ್ ಟೆನಿಯಲ್ ಬಿಡಿಸಿದ ಚಿತ್ರದಲ್ಲಿ ಅವನ ಟೋಪಿಗೆ ಹತ್ತು ಶಿಲಿಂಗ್ ಆರು ಪೆನ್ಸಿನ ಬೆಲೆಚೀಟಿ ಅಂಟಿಕೊಂಡೇ ಇದೆ.

ಈ ಹ್ಯಾಟರನಿಗೆ ಪಾದರಸ ಬೇನೆ ಇತ್ತೇ ಎಂಬ ಪ್ರಶ್ನೆಯನ್ನು ವೈದ್ಯ ಎಚ್. ಎ. ವಾಲ್ಡ್ರನ್ 1983ರ ಕ್ರಿಸ್ಮಸ್ ಹೊತ್ತಿನ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಗಂಭೀರವಾಗಿಯೇ ಎತ್ತಿಕೊಂಡರು. ಇರಲಿಲ್ಲ ಎಂಬುದು ಅವರ ತೀರ್ಮಾನ. ಸಂಕೋಚದಿಂದ ಮುದುಡುವವನು ಎಲ್ಲಿ, ಕರೆಯದೆ ಬಂದ ಹುಡುಗಿಗೆ ತಲೆಹರಟೆ ಒಗಟು ಹಾಕುವ ಈ ಬಾಯಾಳಿ ಎಲ್ಲಿ? ಆಕ್ಸ್‌ಫರ್ಡಿನಲ್ಲಿ ಸದಾ ಟೋಪಿ ಹಾಕಿಕೊಂಡು ಅಂಗಡಿ ಬಾಗಿಲಲ್ಲಿ ನಿಲ್ಲುತ್ತಿದ್ದ ಪೀಠೋಪಕರಣ ವ್ಯಾಪಾರಿ ಥಿಯೊಫಿಲಸ್ ಕಾರ್ಟರ್ ಈ ಪಾತ್ರಕ್ಕೆ ಮಾದರಿ ಎಂಬ ಹಳೆಯ ಮಾತನ್ನೇ ಅವರು ಒಪ್ಪಿದರು. ರೋಗನಿರ್ಣಯ ಸರಿಯಿರಬಹುದು. ಆದರೆ ಪುಸ್ತಕದ ಕೊನೆಗೆ ಸಾಕ್ಷಿಗೆಂದು ಕರೆದಾಗ ಇದೇ ಹ್ಯಾಟರ್ ಬೂಟುಗಳು ಕಾಲಿನಿಂದ ಕಳಚಿ ಬೀಳುವಷ್ಟು ನಡುಗುತ್ತಾನಲ್ಲ! ಕ್ಯಾರಲ್ ಹುಟ್ಟಿ ಬಾಲ್ಯದ ಬಹುಪಾಲು ಕಳೆದದ್ದು ಚೆಶರ್ ಸೀಮೆಯಲ್ಲಿ. ಅದೇ ಸೀಮೆಯ ಸ್ಟಾಕ್‌ಪೋರ್ಟ್ ಆಗ ಫೆಲ್ಟ್ ಟೋಪಿಯ ದೊಡ್ಡ ಊರಾಗಿತ್ತು. ನಡುಗುವ ಟೋಪಿಯವರನ್ನು ಅವರು ಕಂಡಿದ್ದರೋ ಇಲ್ಲವೋ, ನಡುಕ ಮಾತ್ರ ಪುಸ್ತಕದೊಳಕ್ಕೆ ಬಂದಿದೆ.

ನುಡಿಗಟ್ಟಿಗೆ ಬೇರೆ ಬೇರುಗಳನ್ನು ತೋರಿಸಿದವರೂ ಇದ್ದಾರೆ. ‘ಹ್ಯಾಟರ್’ ಎಂಬುದು ‘ಆ್ಯಡರ್’ ಎಂಬ ವಿಷದ ಹಾವಿನ ಅಪಭ್ರಂಶ ಎನ್ನುವವರ ಹತ್ತಿರ ಪುರಾವೆ ಏನೇನೂ ಇಲ್ಲ. 17ನೇ ಶತಮಾನದಲ್ಲಿ ಚೆಶಮ್ ಊರಿನಲ್ಲಿ ಟೋಪಿ ಅಂಗಡಿ ಇಟ್ಟಿದ್ದು, ಆಸ್ತಿಯನ್ನೆಲ್ಲ ಬಡವರಿಗೆ ಹಂಚಿ ಸೊಪ್ಪುಸದೆ ತಿಂದುಕೊಂಡು ಬದುಕಿದ ರೋಜರ್ ಕ್ರ್ಯಾಬ್ ಎಂಬ ವಿರಾಗಿಯೇ ಮೂಲಪುರುಷ ಎನ್ನುವವರಿದ್ದಾರೆ. ಆತ ಸತ್ತು ನೂರೈವತ್ತು ವರ್ಷವಾಗುವ ತನಕ ಮಾತು ಎಲ್ಲಿ ಬಚ್ಚಿಟ್ಟುಕೊಂಡಿತ್ತು ಎಂಬುದಕ್ಕೆ ಅವರಲ್ಲಿ ಉತ್ತರವಿಲ್ಲ. ಪಾದರಸದ ವಿವರಣೆಗೂ ಲಿಖಿತ ದಾಖಲೆ ಇಲ್ಲ ಎಂಬುದನ್ನು ಒಪ್ಪಲೇಬೇಕು. ಇರುವುದರಲ್ಲಿ ನಂಬಬಹುದಾದದ್ದು ಅದೇ.

ಪುಸ್ತಕದ ಹ್ಯಾಟರನಿಗಿಂತ ನಿಜಜೀವನದ ಹ್ಯಾಟರ್ ಒಬ್ಬನ ಕಥೆ ಹೆಚ್ಚು ದಿಗಿಲು ಹುಟ್ಟಿಸುತ್ತದೆ. ಕ್ಯಾರಲ್ ಹುಟ್ಟಿದ 1832ರ ಜನವರಿಯಲ್ಲೇ ಲಂಡನ್ನಿನಲ್ಲಿ ಹುಟ್ಟಿದ ಥಾಮಸ್ ಕಾರ್ಬೆಟ್ ಬಾಲ್ಯದಲ್ಲೇ ಅಮೆರಿಕ ಸೇರಿ, ನ್ಯೂಯಾರ್ಕ್ ರಾಜ್ಯದ ಟ್ರಾಯ್‌ನಲ್ಲಿ ಟೋಪಿ ಕೆಲಸ ಕಲಿತ. ಹೆಂಡತಿ ತೀರಿಕೊಂಡಳು, ಕುಡಿತ ಹತ್ತಿತು, ಬಾಸ್ಟನ್ ನಗರದಲ್ಲಿ ಧರ್ಮದ ಆವೇಶ ಬಂದು ‘ಬಾಸ್ಟನ್ ಕಾರ್ಬೆಟ್’ ಎಂದು ಹೆಸರು ಬದಲಿಸಿಕೊಂಡ. 1858ರಲ್ಲಿ ಕಾಮದ ಕಾಟ ತಪ್ಪಿಸಿಕೊಳ್ಳಲು ಕತ್ತರಿಯಿಂದ ತನಗೆ ತಾನೇ ಬೀಜ ಒಡೆದುಕೊಂಡ. ಅಂತರ್ಯುದ್ಧದಲ್ಲಿ ಸೈನಿಕನಾಗಿ, 1865ರ ಏಪ್ರಿಲ್ 26ರಂದು ವರ್ಜೀನಿಯಾದ ಉರಿಯುವ ಕೊಟ್ಟಿಗೆಯೊಂದರಲ್ಲಿ ಅಡಗಿದ್ದ ಲಿಂಕನ್ ಹಂತಕ ಜಾನ್ ವಿಲ್ಕ್ಸ್ ಬೂತ್‌ನಿಗೆ ಗುಂಡಿಟ್ಟವನು ಇವನೇ. ಯುದ್ಧ ಮುಗಿದ ಮೇಲೆ ಮತ್ತೆ ಟೋಪಿ ಕೆಲಸ. ಆಮೇಲೆ ಕ್ಯಾನ್ಸಸ್‌ಗೆ ಹೋಗಿ ನೆಲ ಅಗೆದು ಗುಹೆಯಂಥ ಮನೆಯಲ್ಲಿದ್ದ. ಜನ ಕನಿಕರಪಟ್ಟು 1887ರಲ್ಲಿ ಅಲ್ಲಿನ ಶಾಸನಸಭೆಯಲ್ಲಿ ಬಾಗಿಲು ಕಾಯುವ ಕೆಲಸ ಕೊಡಿಸಿದರೆ, ಒಂದು ದಿನ ಸಭೆಯ ಆವರಣದಲ್ಲೇ ಪಿಸ್ತೂಲು ಹಿಡಿದು ಎಲ್ಲರನ್ನೂ ಬೆದರಿಸಿದ. ಹುಚ್ಚಾಸ್ಪತ್ರೆಗೆ ಹಾಕಿದರು, 1888ರಲ್ಲಿ ಕುದುರೆ ಏರಿ ತಪ್ಪಿಸಿಕೊಂಡವನು ಪತ್ತೆಯಾಗಲಿಲ್ಲ. ಇದೆಲ್ಲ ಪಾದರಸದ ಕರಾಮತ್ತೆಂದು ಬರೆದವರು ಬಹಳ. ನೂರು ವರ್ಷಕ್ಕೂ ಆಚೆ ಕೂತು ನಾಡಿ ಹಿಡಿಯುವುದು ಅಷ್ಟು ಸುಲಭವಲ್ಲ. ಬೇನೆಗೆ ತಕ್ಕ ಕಸುಬು ಅವನದಾಗಿತ್ತು ಎಂಬುದಷ್ಟೇ ಖಚಿತ.

ಕಾರ್ಬೆಟ್ ಕೆಲಕಾಲ ದುಡಿದ ಊರುಗಳಲ್ಲೊಂದು ಕನೆಕ್ಟಿಕಟ್‌ನ ಡ್ಯಾನ್‌ಬರಿ. 1780ರಲ್ಲಿ ಝೇಡಾಕ್ ಬೆನೆಡಿಕ್ಟ್ ಎಂಬುವನು ಅಲ್ಲಿ ದಿನಕ್ಕೆ ಮೂರು ಟೋಪಿ ಮಾಡುವ ಸಣ್ಣ ಕಾರ್ಖಾನೆ ತೆರೆದನೆಂದು ಊರಿನ ಇತಿಹಾಸ ಹೇಳುತ್ತದೆ. ನೂರು ವರ್ಷದ ನಂತರ, 1887ರ ಹೊತ್ತಿಗೆ, ಅಲ್ಲಿಯ ಮೂವತ್ತು ಕಾರ್ಖಾನೆಗಳು ವರ್ಷಕ್ಕೆ 50 ಲಕ್ಷ ಟೋಪಿ ಹೊರಹಾಕುತ್ತಿದ್ದವು. ಅಲ್ಲಿನವರ ಬಾಯಲ್ಲಿ ಬೇನೆಗೂ ಊರಿನದೇ ಹೆಸರು: ‘ಡ್ಯಾನ್‌ಬರಿ ಶೇಕ್ಸ್’. ಕಾರ್ಮಿಕ ಸಂಘ ಬಲವಾಗಿಯೇ ಇತ್ತು. ಸಂಘಕ್ಕೆ ಮಣಿಯದ ಡೀಟ್ರಿಕ್ ಲೋವೆಯ ಟೋಪಿಗಳಿಗೆ ದೇಶಾದ್ಯಂತ ಬಹಿಷ್ಕಾರ ಹಾಕಿ, 1908ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತು, ಸದಸ್ಯರ ಮನೆಗಳೇ ಹರಾಜಿಗೆ ಬರುವ ಹಂತ ಮುಟ್ಟಿತು. ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುವ ‘ಡ್ಯಾನ್‌ಬರಿ ಹ್ಯಾಟರ್ಸ್ ಮೊಕದ್ದಮೆ’ ಇದು. ಆ ಹೋರಾಟ ಕೂಲಿಯದು, ಸಂಘದ ಹಕ್ಕಿನದು. ನಡುಕದ ವಿಷಯ ಅದರಲ್ಲಿ ಇರಲಿಲ್ಲ. ಮಳೆಯಲ್ಲಿ ನೆನೆದ ರೈತನಿಗೆ ನೆಗಡಿ ಬಂದಂತೆ ಟೋಪಿಯವನಿಗೆ ನಡುಕ ಎಂದು ಕೆಲಸಗಾರರೂ ಒಪ್ಪಿಕೊಂಡುಬಿಟ್ಟಿದ್ದರು.

ಕೊನೆಗೆ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆ ಕನೆಕ್ಟಿಕಟ್‌ನ ಐದು ಕಾರ್ಖಾನೆಗಳ 544 ಕೆಲಸಗಾರರನ್ನು ಪರೀಕ್ಷಿಸಿದಾಗ 59 ಜನರಲ್ಲಿ ಪಾದರಸದ ಬೇನೆ ಸಿಕ್ಕಿತು. 1941ರ ಡಿಸೆಂಬರ್ 1ರಿಂದ ಫೆಲ್ಟ್ ತಯಾರಿಕೆಯಲ್ಲಿ ಪಾದರಸ ನಿಂತಿತು. ಪಾದರಸವಿಲ್ಲದೆ ಹೈಡ್ರೋಜನ್ ಪೆರಾಕ್ಸೈಡಿನಿಂದಲೂ ಕೂದಲು ಒರಟಾಗಿಸಬಹುದೆಂದು ಆ ಹೊತ್ತಿಗೆ ಗೊತ್ತಾಗಿತ್ತು. ಇನ್ನೊಂದು ಕಾರಣವೂ ಇತ್ತು: ಯುದ್ಧ ಬಾಗಿಲಿಗೆ ಬಂದಿತ್ತು, ಸಿಡಿಮದ್ದಿನ ಕ್ಯಾಪುಗಳಿಗೆ ಪಾದರಸ ಬೇಕಾಗಿತ್ತು. ತೆನೊ ಪ್ಯಾರಿಸ್ಸಿನ ಕಾರ್ಖಾನೆ ಹೊಕ್ಕು ಆಗ 184 ವರ್ಷ ಕಳೆದಿದ್ದವು. ಡ್ಯಾನ್‌ಬರಿಯ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದರೂ ಊರಿನ ಮಧ್ಯೆ ಹರಿಯುವ ಸ್ಟಿಲ್ ನದಿಯ ಕೆಸರಿನಲ್ಲಿ ಟೋಪಿಗಳ ಪಾದರಸ ಉಳಿದಿದೆ. ಪ್ರವಾಹ ಬಂದಾಗ ಅದು ಕದಡಿ ಹೂಸಟಾನಿಕ್ ನದಿ ಸೇರಿ ಕಡಲವರೆಗೂ ಹೋಗಿರುವುದನ್ನು ಭೂವಿಜ್ಞಾನಿಗಳು ಕೆಸರು ತೆಗೆದು ಅಳೆದಿದ್ದಾರೆ.

ಇಂಗ್ಲೆಂಡಿನಲ್ಲಿ ಸ್ಟಾಕ್‌ಪೋರ್ಟಿನ ಹಳೆಯ ಗಿರಣಿಯೊಂದರಲ್ಲಿ ಟೋಪಿಗಳ ಮ್ಯೂಸಿಯಂ ಇದೆ. ಊರಿನ ಫುಟ್‌ಬಾಲ್ ತಂಡದ ಅಡ್ಡಹೆಸರು ‘ದಿ ಹ್ಯಾಟರ್ಸ್’. ಲಂಡನ್ನಿನ ಉತ್ತರಕ್ಕಿರುವ ಲೂಟನ್ ಪಟ್ಟಣದ ತಂಡಕ್ಕೂ ಅದೇ ಅಡ್ಡಹೆಸರು. ಲೂಟನ್ನಿನದು ಒಣಹುಲ್ಲಿನ ಟೋಪಿ. ಹೆಣೆಯುತ್ತಿದ್ದವರು, ಹೊಲಿಯುತ್ತಿದ್ದವರು ಹೆಚ್ಚಾಗಿ ಹೆಂಗಸರು. ಹುಲ್ಲಿಗೆ ಮೊಲದ ಕೂದಲಿನ ಹಂಗೂ ಇಲ್ಲ, ಪಾದರಸದ ಹಂಗೂ ಇಲ್ಲ. ಗಾದೆ ಆ ವ್ಯತ್ಯಾಸ ನೋಡಲಿಲ್ಲ. ಎರಡು ತಂಡಗಳು ಎದುರುಬದುರಾದ ದಿನ ಮೈದಾನದ ಎರಡೂ ಬದಿಯಿಂದ ಒಂದೇ ಕೂಗು ಏಳುತ್ತದೆ.